ಮೊದಲ ಸೀಸನ್ ಮರಿಯದು, ಕೋವಿಯದಲ್ಲ

ಬೇಟೆನಾಯಿ ಮರಿ ಕಟ್ಟಿಕೊಂಡು ಈ ಸಲ ಕಾಡಿಗೆ ಹೊರಟಿರುವ ಅಮೆರಿಕದ ಮಿಡ್‌ವೆಸ್ಟ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ



ಸೆಪ್ಟೆಂಬರ್ ಮಧ್ಯಕ್ಕೆ ಮಿನೆಸೋಟದಲ್ಲಿ ಗ್ರೌಸ್ ಬೇಟೆ ಶುರುವಾಗುತ್ತದೆ. ಅದಾಗಿ ಕೆಲವೇ ದಿನಕ್ಕೆ ವುಡ್‌ಕಾಕ್, ಅಕ್ಟೋಬರ್ ಮಧ್ಯದ ಶನಿವಾರ ಫೆಸೆಂಟ್. ವಿಸ್ಕಾನ್ಸಿನ್, ಮಿಷಿಗನ್, ಸೌತ್ ಡಕೋಟದಲ್ಲೂ ಹೆಚ್ಚುಕಡಿಮೆ ಇದೇ ಹೊತ್ತು. ನಮ್ಮವರ ಮನೆಗಳಲ್ಲಿ ಈಚೆಗೆ ಜರ್ಮನ್ ಶಾರ್ಟ್‌ಹೇರ್, ಬ್ರಿಟನಿ, ವಿಶ್ಲಾ, ಇಂಗ್ಲಿಷ್ ಸೆಟರ್ ಮರಿಗಳು ಕಾಣತೊಡಗಿವೆ. ಐಟಿ ಕೆಲಸದವರು, ಡಾಕ್ಟರುಗಳು, ಪಿಎಚ್‌ಡಿ ಹುಡುಗರು, ಎಲ್ಲರೂ ಇದ್ದೀರಿ. ಕೆಲವರು ಮಲೆನಾಡಿನವರು, ಅಜ್ಜನ ಕಾಲದ ಶಿಕಾರಿ ಕತೆ ಕೇಳಿ ಬೆಳೆದವರು. ಕೆಲವರು ಕೊಡಗಿನವರು, ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಕೈಮುಗಿದವರು. ಇನ್ನು ಕೆಲವರು ಬೆಂಗಳೂರಿನ ಬಡಾವಣೆಯಿಂದ ನೇರ ಇಲ್ಲಿಗೆ ಬಂದು, ಆಫೀಸಿನ ಗೆಳೆಯರ ಜೊತೆ ಹೋಗಿ ರುಚಿ ಹತ್ತಿಸಿಕೊಂಡವರು. ನಿಮ್ಮೆಲ್ಲರ ಮುಂದೆ ಒಂದೇ ಒಂದು ಕೋರಿಕೆ ಇಡಲು ಈ ಪತ್ರ.

ಈ ಸೀಸನ್‌ನಲ್ಲಿ ನಿಮ್ಮ ಮರಿ ತಾನೇ ಮೂಸಿ, ಪಾಯಿಂಟ್ ಹಿಡಿದು, ನಿಂತು ತೋರಿಸದ ಯಾವ ಹಕ್ಕಿಗೂ ಈಡು ಹೊಡೆಯಬೇಡಿ. ಎಷ್ಟೇ ಹತ್ತಿರ ಎದ್ದಿರಲಿ, ಎಷ್ಟೇ ಸಲೀಸಾಗಿ ಬೀಳುವಂತಿರಲಿ, ಬಿಟ್ಟುಬಿಡಿ.

ಕೇಳಲು ಸುಲಭ. ಆದರೆ ಕೈಯಲ್ಲಿ ಕೋವಿ ಇದ್ದು, ಕಾಲ ಬುಡದಿಂದ ರೆಕ್ಕೆ ಬಡಿಯುತ್ತ ಹಕ್ಕಿ ಎದ್ದಾಗ ಇದರಷ್ಟು ಕಷ್ಟದ ಮಾತು ಬೇರೆ ಇಲ್ಲ. ಹಾಗಾಗಿ ಬರೀ ಕೋರಿಕೆ ಇಟ್ಟರೆ ಸಾಲದು, ಕಾರಣವನ್ನೂ ಹೇಳಬೇಕು.

ನಮ್ಮೂರ ಕಡೆಯವರಿಗೆ ಬೇಟೆನಾಯಿ ಎಂದರೆ ಓಡುವ ನಾಯಿ. ಮುಧೋಳದ ನಾಯಿಯನ್ನೇ ನೋಡಿ. ಸಪೂರ ಮೈ, ಉದ್ದ ಕಾಲು, ದೂರದ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾತಿ ಅದು. ಹಿಡಿದಲ್ಲಿಗೆ ಅದರ ಕೆಲಸ ಮುಗಿಯಿತು. ಪಾಯಿಂಟಿಂಗ್ ನಾಯಿ ಇದಕ್ಕೆ ತೀರಾ ಉಲ್ಟಾ. ಅದು ನಂಬುವುದು ಮೂಗನ್ನು, ಅದರ ಕೆಲಸ ಮುಗಿಯುವುದು ನಿಲ್ಲುವುದರಲ್ಲಿ. ತೋಳ, ನರಿಯಂಥ ಪ್ರಾಣಿಗಳೆಲ್ಲ ಬೇಟೆಯ ಮೇಲೆ ಎರಗುವ ಮುಂಚೆ ಅರೆಗಳಿಗೆ ತಡೆದು ನಿಲ್ಲುತ್ತವೆ. ಆ ಅರೆಗಳಿಗೆಯನ್ನು ಶತಮಾನಗಳ ಕಾಲ ಆರಿಸಿ ಆರಿಸಿ ತಳಿ ಎತ್ತಿ ನಿಮಿಷಗಟ್ಟಲೆ ಹಿಗ್ಗಿಸಿದ್ದಾರೆ ಯುರೋಪಿನವರು. ಹಾರುವ ಹಕ್ಕಿಗೆ ಗುಂಡು ಹೊಡೆಯುವ ರೂಢಿ ಬರುವ ಮೊದಲೇ ಅಲ್ಲಿ ಇಂಥ ನಾಯಿಗಳಿದ್ದವು. ನಾಯಿ ನಿಂತರೆ ಹಕ್ಕಿ ಅಲ್ಲೇ ಅಡಗಿ ಕೂರುತ್ತಿತ್ತು, ಜನ ಬಂದು ಬಲೆ ಎಳೆಯುತ್ತಿದ್ದರು.

ಈ ನಿಲ್ಲುವ ಗುಣ ಮರಿಗೆ ಹುಟ್ಟಿನಿಂದ ಬರುತ್ತದೆ. ಮೂರು ತಿಂಗಳ ಮರಿ ಅಂಗಳದಲ್ಲಿ ಚಿಟ್ಟೆ ಕಂಡು ಮುಂಗಾಲು ಎತ್ತಿ ನಿಂತದ್ದನ್ನು ನೀವೆಲ್ಲ ವಿಡಿಯೊ ಮಾಡಿ ಊರಿಗೆ ಕಳಿಸಿದ್ದೀರಿ. ಆದರೆ ಹುಟ್ಟಿನಿಂದ ಬರುವುದು ನಿಲ್ಲುವುದು ಮಾತ್ರ. ನಿಂತೇ ಇರುವುದು, ನೀವು ಬರುವವರೆಗೆ ಕಾಯುವುದು, ಆಸೆ ತಡೆಯಲಾರದೆ ಒಂದೊಂದೇ ಹೆಜ್ಜೆ ಮುಂದಿಡದೆ ಇರುವುದು, ಇದೆಲ್ಲ ಕಲಿತು ಬರಬೇಕು. ಕಲಿಸುವ ಗುರು ನೀವಲ್ಲ, ಹಕ್ಕಿ. ನಿಮ್ಮ ಕೆಲಸ ಆ ಗುರುವಿನ ಪಾಠ ಕೆಡಿಸದೆ ಇರುವುದಷ್ಟೆ.

ಪಾಠ ನಡೆಯುವ ಬಗೆ ಹೀಗೆ. ಮರಿ ಗಾಳಿಯಲ್ಲಿ ಹಕ್ಕಿಯ ವಾಸನೆ ಹಿಡಿಯುತ್ತದೆ. ಮೊದಮೊದಲು ನಿಲ್ಲುವುದಿಲ್ಲ, ನುಗ್ಗುತ್ತದೆ. ಹಕ್ಕಿ ಹಾರಿಹೋಗುತ್ತದೆ. ಮರಿ ಹುಚ್ಚೆದ್ದು ಅಟ್ಟಿಸಿಕೊಂಡು ಹೋಗಿ, ನಾಲಗೆ ಚಾಚಿ ಬರಿಬಾಯಲ್ಲಿ ವಾಪಸಾಗುತ್ತದೆ. ನೀವು ಬೈಯಲಿಲ್ಲ, ಹೊಗಳಲೂ ಇಲ್ಲ, ಈಡಂತೂ ಹೊಡೆಯಲೇ ಇಲ್ಲ. ಇದು ಮತ್ತೆ ಮತ್ತೆ ನಡೆದಾಗ ಮರಿಯ ತಲೆಗೆ ಒಂದು ವಿಷಯ ಇಳಿಯುತ್ತದೆ: ನುಗ್ಗಿದರೆ ಹಕ್ಕಿ ಸಿಗುವುದಿಲ್ಲ. ಒಂದು ದಿನ ವಾಸನೆ ಬಂದೊಡನೆ ತಡೆದು ನಿಲ್ಲುತ್ತದೆ. ಹಕ್ಕಿ ಹಾರದೆ ಕೂತಿರುತ್ತದೆ. ನೀವು ಪಕ್ಕದಿಂದ ಸುತ್ತಿ ಹೋಗಿ ಪೊದೆ ಒದೆಯುತ್ತೀರಿ, ಹಕ್ಕಿ ಏಳುತ್ತದೆ, ಈಡು ಕೇಳುತ್ತದೆ, ಹಕ್ಕಿ ಬೀಳುತ್ತದೆ, ಮರಿಯ ಬಾಯಿಗೆ ಬರುತ್ತದೆ. ನಾನು ನಿಂತರೆ ಮಾತ್ರ ಇದು ಸಿಗುತ್ತದೆ ಎಂದು ಅದು ಲೆಕ್ಕ ಹಾಕಿಕೊಳ್ಳುತ್ತದೆ. ಪಾಠದ ತಿರುಳು ಇಷ್ಟೇ.

ಇದರ ನಡುವೆ ನೀವು ಆಸೆಗೆ ಬಿದ್ದು, ಮರಿ ನುಗ್ಗಿ ಎಬ್ಬಿಸಿದ ಹಕ್ಕಿಯೊಂದನ್ನು ಹೊಡೆದಿರಿ ಅನ್ನಿ. ನಿಮಗೆ ಒಂದು ಹಕ್ಕಿ. ಮರಿಗೆ? ನುಗ್ಗಿದ್ದಕ್ಕೆ ಬಹುಮಾನ. ಅಷ್ಟೂ ದಿನ ಹಾರಿಹೋದ ಹಕ್ಕಿಗಳು ಕಲಿಸಿದ್ದನ್ನು ಆ ಒಂದು ಈಡು ಅಳಿಸಿಹಾಕುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ, ಮರಿಯ ಮೊದಲ ಸೀಸನ್ನಿಗೆ ಆ ಗಾದೆ ಸರಿಯಾಗಿ ಒಪ್ಪುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನಗೆ ಗೊತ್ತು. 'ನಮ್ಮ ಪಕ್ಕದ ಮನೆಯ ರೈತ ನಲವತ್ತು ವರ್ಷದಿಂದ ಎದ್ದದ್ದನ್ನೆಲ್ಲ ಹೊಡೆಯುತ್ತಾನೆ, ಅವನ ನಾಯಿಗಳು ಚೆನ್ನಾಗಿಯೇ ಇವೆಯಲ್ಲ?' ಇವೆ, ಹೌದು. ಅವನ ನಾಯಿ ಹಿತ್ತಲ ಬಾಗಿಲು ದಾಟಿದರೆ ಫೆಸೆಂಟ್ ಇರುವ ಹುಲ್ಲುಗಾವಲು. ಹಾಲು ಕುಡಿಯುವುದು ಬಿಟ್ಟಾಗಿನಿಂದ ಅದು ದಿನ ಬೆಳಗಾದರೆ ಕಾಡುಹಕ್ಕಿಯ ವಾಸನೆ ಕುಡಿದು ಬೆಳೆದದ್ದು. ನಾಲ್ಕು ತಪ್ಪು ಪಾಠ ಆದರೂ ನಾನೂರು ಸರಿಯಾದ ಪಾಠ ಅದನ್ನು ತಿದ್ದುತ್ತವೆ. ನಮ್ಮ ಮರಿಗಳು ಈಡನ್ ಪ್ರೇರಿಯ ಟೌನ್‌ಹೌಸಿನಲ್ಲೋ ಶಾಂಬರ್ಗ್‌ನ ಅಪಾರ್ಟ್‌ಮೆಂಟಿನಲ್ಲೋ ಬೆಳೆಯುತ್ತವೆ. ವಾರವಿಡೀ ಕಾಣುವುದು ಮೊಲ, ಅಳಿಲು, ಅಮೆಜಾನ್ ವ್ಯಾನು. ಅವಕ್ಕೆ ಕಾಡುಹಕ್ಕಿ ಸಿಗುವುದು ವಾರಾಂತ್ಯದಲ್ಲಿ, ಅದೂ ಬೆರಳೆಣಿಕೆಯಷ್ಟು. ಹೀಗಾಗಿ ಒಂದೊಂದು ಹಕ್ಕಿಯೂ ಅದರ ಒಟ್ಟು ವಿದ್ಯೆಯ ದೊಡ್ಡ ಪಾಲು. ರೈತನ ನಾಯಿ ತಡೆದುಕೊಳ್ಳುವ ತಪ್ಪನ್ನು ನಮ್ಮ ಮರಿ ತಡೆದುಕೊಳ್ಳಲಾರದು.

ಹಕ್ಕಿಗಳೆಲ್ಲ ಒಂದೇ ದರ್ಜೆಯ ಗುರುಗಳಲ್ಲ ಎಂಬುದನ್ನೂ ತಿಳಿದಿರಬೇಕು. ಎಳೆಯ ಮರಿಗೆ ಎಲ್ಲಕ್ಕಿಂತ ಒಳ್ಳೆಯ ಗುರು ವುಡ್‌ಕಾಕ್. ಉದ್ದ ಕೊಕ್ಕಿನ, ತಲೆಯ ಹಿಂಭಾಗಕ್ಕೆ ಸರಿದ ದೊಡ್ಡ ಕಣ್ಣಿನ ಈ ಪುಟ್ಟ ಹಕ್ಕಿ ಒದ್ದೆ ನೆಲದಲ್ಲಿ ಕೊಕ್ಕು ಚುಚ್ಚಿ ಎರೆಹುಳು ಕೀಳುತ್ತದೆ. ಒಣಗಿದ ಎಲೆಯ ಬಣ್ಣವೇ ಅದಕ್ಕೆ ರಕ್ಷೆ. ಆ ಬಣ್ಣ ನಂಬಿ ಕದಲದೆ ಕೂರುತ್ತದೆ. ಮರಿ ಕೊಂಚ ಹತ್ತಿರ ಬಂದರೂ, ಕೊಂಚ ಸದ್ದು ಮಾಡಿದರೂ ಸಹಿಸುತ್ತದೆ. ಅದರ ನಂತರ ರಫ್ಡ್ ಗ್ರೌಸ್. ಇದು ಕಟ್ಟುನಿಟ್ಟಿನ ಮೇಷ್ಟ್ರು. ಕಡಿದು ಮತ್ತೆ ಚಿಗುರಿದ ಆಸ್ಪೆನ್ ಮೆಳೆಗಳಲ್ಲಿ ಇರುತ್ತದೆ, ಒಂದು ಹೆಜ್ಜೆ ಹೆಚ್ಚಾದರೂ ಗುಡುಗಿನ ಸದ್ದು ಮಾಡಿ ಮರಗಳ ಮರೆಗೆ ಹಾರಿಬಿಡುತ್ತದೆ. ಗ್ರೌಸ್ ಹಿಡಿದು ನಿಲ್ಲಿಸುವ ನಾಯಿಯನ್ನು ಇಲ್ಲಿನ ಹಳಬರು ಟೋಪಿ ತೆಗೆದು ಗೌರವಿಸುತ್ತಾರೆ.

ಫೆಸೆಂಟ್ ಮಾತ್ರ ಎಳೆಯ ಮರಿಗೆ ಅಷ್ಟು ಹಿತವಲ್ಲ. ಅದು ಈ ದೇಶದ್ದೂ ಅಲ್ಲ. 1881ರಲ್ಲಿ ಶಾಂಘೈನಲ್ಲಿದ್ದ ಅಮೆರಿಕನ್ ಕಾನ್ಸಲ್ ಓವನ್ ಡೆನ್ನಿ ಚೀನಾದಿಂದ ಆರೆಗನ್‌ಗೆ ಕಳಿಸಿದ ಹಕ್ಕಿ ಅದು. ಇಂದು ಸೌತ್ ಡಕೋಟದ ರಾಜ್ಯಪಕ್ಷಿ. ಅದರ ಬುದ್ಧಿಯೆಲ್ಲ ಕಾಲಿನಲ್ಲಿದೆ. ಮರಿ ವಾಸನೆ ಹಿಡಿದು ನಿಲ್ಲುವಷ್ಟರಲ್ಲಿ ಹುಂಜ ಜೋಳದ ಸಾಲಿನೊಳಗೆ ನೂರು ಗಜ ಓಡಿರುತ್ತದೆ. ನಿಂತದ್ದಕ್ಕೆ ಏನೂ ಸಿಗದ ಮರಿ, ನಿಂತು ಪ್ರಯೋಜನವಿಲ್ಲ, ಓಡುವುದೇ ಮೇಲು ಎಂದು ತೀರ್ಮಾನಿಸುತ್ತದೆ. ಸಾಧ್ಯವಾದವರು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳನ್ನು ಉತ್ತರದ ಕಾಡಿನಲ್ಲಿ ವುಡ್‌ಕಾಕ್ ಹಿಂದೆ ಕಳೆಯಿರಿ. ಫೆಸೆಂಟ್ ಎಲ್ಲಿಗೂ ಓಡಿಹೋಗುವುದಿಲ್ಲ. ಓಡುತ್ತದೆ, ಆದರೆ ಹೊಸ ವರ್ಷದವರೆಗೂ ಅದೇ ಹೊಲದಲ್ಲಿ.

ಇನ್ನೊಂದು ಗಮನಿಸಿ. ಫೆಸೆಂಟ್‌ನಲ್ಲಿ ಹೊಡೆಯಬಹುದಾದದ್ದು ಹುಂಜ ಮಾತ್ರ, ಹೇಂಟೆ ಹೊಡೆದರೆ ದಂಡ. ಮರಿ ಚೆಂದವಾಗಿ ಪಾಯಿಂಟ್ ಹಿಡಿದು ನಿಲ್ಲುತ್ತದೆ, ಏಳುವುದು ಹೇಂಟೆ. ಆಗ ಕಾನೂನೇ ನಿಮ್ಮ ಕೈ ಕಟ್ಟುತ್ತದೆ, ನೀವು ತಕರಾರಿಲ್ಲದೆ ಕೋವಿ ಇಳಿಸುತ್ತೀರಿ. ಅಂದರೆ ಹೊಡೆಯದೆ ಬಿಡುವುದು ನಮಗೆ ಬಾರದ ವಿದ್ಯೆ ಏನಲ್ಲ. ಕಾನೂನಿಗಾಗಿ ಮಾಡುವುದನ್ನು ಒಂದು ಸೀಸನ್ ಮರಿಗಾಗಿಯೂ ಮಾಡಿ ಎನ್ನುತ್ತಿದ್ದೇನೆ. ಹೇಂಟೆ ಎದ್ದಾಗ ಮರಿಯನ್ನು ಮರೆಯಬೇಡಿ. ಅದು ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿದೆ. ಹತ್ತಿರ ಹೋಗಿ ಬೆನ್ನು ತಟ್ಟಿ, ಕಿವಿಯ ಹಿಂದೆ ತುರಿಸಿ.

ಹಾಗಾದರೆ ಹೊಡೆಯಬೇಕಾದ ಹಕ್ಕಿ ಹೇಗಿರುತ್ತದೆ? ನೀವು ಆಲ್ಡರ್ ಮೆಳೆಯೊಳಗೆ ಬಾಗಿ ಹೋಗುತ್ತಿದ್ದೀರಿ. ಮರಿಯ ಕೊರಳ ಗಂಟೆ ಎಡಗಡೆ ಕಿಣಿಕಿಣಿ ಎನ್ನುತ್ತಿದೆ. ಇದ್ದಕ್ಕಿದ್ದಂತೆ ಗಂಟೆ ನಿಲ್ಲುತ್ತದೆ. ಕೂಗಬೇಡಿ, ಓಡಬೇಡಿ. ಸದ್ದು ನಿಂತ ಕಡೆಗೆ ನಡೆಯಿರಿ. ಮರಿ ಕಾಣುತ್ತದೆ: ತಲೆ ಒಂದು ಕಡೆ ತಿರುಚಿದೆ, ತಿರುಗುವ ನಡುವೆಯೇ ವಾಸನೆ ತಾಗಿ ಅಲ್ಲೇ ಕಲ್ಲಾಗಿದೆ. ಒಂದು ಮುಂಗಾಲು ನೆಲದಿಂದ ಎದ್ದಿದೆ. ಮೂಗಿನ ಹೊಳ್ಳೆ ಅರಳಿ ಮುಚ್ಚಿ ಅರಳುತ್ತಿದೆ. ತುಟಿಯಂಚಿನಿಂದ ಜೊಲ್ಲಿನ ಎಳೆಯೊಂದು ಇಳಿದಿದೆ, ತೊಡೆಯ ಸ್ನಾಯು ಸಣ್ಣಗೆ ನಡುಗುತ್ತಿದೆ. ಕಣ್ಣು ನಿಮ್ಮ ಕಡೆ ಅರೆಕ್ಷಣ ಹೊರಳಿ ಮತ್ತೆ ಪೊದೆಯ ಕಡೆ ನೆಡುತ್ತದೆ. ಹಿಂದಿನಿಂದ ಅದರ ಮೇಲೆ ಹೋಗಬೇಡಿ. ಹಾಗೆ ಹೋದರೆ ತನ್ನನ್ನು ಮುಂದೆ ನೂಕುತ್ತಿದ್ದಾರೆ ಎಂದುಕೊಂಡು ಅದು ನುಗ್ಗುತ್ತದೆ. ಬದಿಯಿಂದ ಬಳಸಿ, ಅದರ ಮೂಗಿನ ನೇರಕ್ಕೆ ಹತ್ತು ಹೆಜ್ಜೆ ಮುಂದೆ ಬನ್ನಿ. ಎಲೆ ಒದೆಯಿರಿ. ವುಡ್‌ಕಾಕ್ ರೆಕ್ಕೆಯಲ್ಲಿ ಸಿಳ್ಳೆ ಹಾಕುತ್ತ ನೆಟ್ಟಗೆ ಮೇಲೇಳುತ್ತದೆ, ಆಲ್ಡರ್ ತುದಿಯಲ್ಲಿ ಒಂದು ಗಳಿಗೆ ತಡೆದಂತೆ ಕಂಡು ಪಕ್ಕಕ್ಕೆ ಹೊರಳುತ್ತದೆ. ಆಗ ಹೊಡೆಯಿರಿ. ಆ ಹಕ್ಕಿ ನಿಮ್ಮದು, ಮರಿಯದು, ಇಬ್ಬರದೂ.

ಆ ಗಳಿಗೆಯಲ್ಲೂ ಒಂದು ನಿಯಮವಿದೆ. ಹಕ್ಕಿಯ ಕೆಳಗೆ ಆಕಾಶ ಕಾಣಬೇಕು. ಮರಿಗೆ ಇನ್ನೂ ನಿಂತೇ ಇರುವ ಶಿಸ್ತು ಬಂದಿರುವುದಿಲ್ಲ. ಹಕ್ಕಿ ಎದ್ದೊಡನೆ ಅದೂ ಹಿಂದೆ ನೆಗೆಯುತ್ತದೆ. ಕೆಳಮಟ್ಟದಲ್ಲಿ ಹಾರುವ ಹಕ್ಕಿಗೆ ಹೊಡೆದ ಚರೆ ನೆಗೆದ ನಾಯಿಯ ತಲೆಗೆ ಬೀಳುತ್ತದೆ. ಬೇಟೆಯಲ್ಲಿ ನಾಯಿಗಳು ಯಜಮಾನನ ಕೈಯಲ್ಲೇ ಸಾಯುವ ದಾರಿ ಇದು. ಆಕಾಶ ಕಾಣದಿದ್ದರೆ ಹಕ್ಕಿ ಹೋಗಲಿ.

ಇನ್ನು ಸದ್ದಿನ ವಿಷಯ. ಈಡಿನ ಸದ್ದಿಗೆ ಹೆದರುವ ನಾಯಿ ಹುಟ್ಟುವುದು ಅಪರೂಪ, ಬಹುಪಾಲು ಮನುಷ್ಯರೇ ಮಾಡಿದ್ದು. ಮರಿಗೆ ಅಭ್ಯಾಸವಾಗಲಿ ಎಂದು ಕ್ಲೇ ಪಿಜನ್ ರೇಂಜಿಗೆ ಕರೆದುಕೊಂಡು ಹೋಗಿ ಕಂಬಕ್ಕೆ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಕಟ್ಟಿದ ಮರಿಗೆ ಓಡಲು ಜಾಗವಿಲ್ಲ, ಯಾಕೆ ಸದ್ದು ಎಂದು ಗೊತ್ತಿಲ್ಲ, ಬೆನ್ನಿಗೆ ಬೆನ್ನಿಗೆ ಹನ್ನೆರಡು ಬೋರಿನ ಕೋವಿ. ಅಂಥ ಒಂದು ಸಂಜೆ ಸಾಕು, ಆಮೇಲೆ ಕೋವಿ ಕಂಡರೆ ಕಾರಿನ ಕೆಳಗೆ ತೂರುವ ನಾಯಿ ನಿಮ್ಮದಾಗುತ್ತದೆ. ಅದನ್ನು ಸರಿಮಾಡಲು ವರ್ಷಗಳು ಬೇಕು, ಅಷ್ಟಾದರೂ ಪೂರ್ತಿ ಸರಿಹೋಗುವ ಖಾತ್ರಿಯಿಲ್ಲ. ಜುಲೈ 4ರ ಬಾಣಬಿರುಸು, ನಮ್ಮ ದೀಪಾವಳಿಯ ಪಟಾಕಿ ಎರಡರ ದಿನವೂ ಮರಿಯನ್ನು ಮನೆಯೊಳಗೆ, ಟಿವಿ ಹಾಕಿ, ಪಕ್ಕದಲ್ಲೇ ಕೂರಿಸಿಕೊಳ್ಳಿ.

ಸರಿಯಾದ ಕ್ರಮ ನಿಧಾನದ್ದು. ಬಯಲಿನಲ್ಲಿ ಪಾರಿವಾಳ ಹಾರಿಸಿ. ಮರಿ ಜಗತ್ತನ್ನೇ ಮರೆತು ಅದರ ಹಿಂದೆ ಓಡುತ್ತಿರುವಾಗ, ದೂರದಲ್ಲಿ ನಿಂತ ಗೆಳೆಯರೊಬ್ಬರು ಹುಸಿ ತೋಟೆಯ ಸಣ್ಣ ಪಿಸ್ತೂಲಿನಿಂದ ಒಂದು ಸದ್ದು ಮಾಡಲಿ. ಒಂದೇ. ಮರಿ ತಿರುಗಿಯೂ ನೋಡದಿದ್ದರೆ ಮುಂದಿನ ವಾರ ನಾಲ್ಕು ಹೆಜ್ಜೆ ಹತ್ತಿರ. ಕಿವಿ ಹಿಂದೆ ಮಡಚಿ ತಡೆದು ನಿಂತರೆ ಅಲ್ಲಿಗೆ ನಿಲ್ಲಿಸಿ, ದೂರ ಹೋಗಿ, ಕೆಲವು ವಾರ ಬರೀ ಹಕ್ಕಿ. ಸದ್ದು ಬಂದರೆ ಹಕ್ಕಿ ಬರುತ್ತದೆ ಎಂಬ ನಂಟು ಅದರ ತಲೆಯಲ್ಲಿ ಗಟ್ಟಿಯಾದ ಮೇಲೆ ಮಾತ್ರ ನಿಜವಾದ ಕೋವಿ. ಈ ತರಬೇತಿಗೆ ಸಾಕಿದ ಕ್ವೇಲ್ ತರುವವರು ಎಚ್ಚರ. ಗೂಡಿನಲ್ಲಿ ಬೆಳೆದ ಹಕ್ಕಿಗೆ ಹಾರುವ ಬಲ ಕಡಿಮೆ. ಮರಿ ಅದನ್ನು ಓಡಿ ಹಿಡಿದುಬಿಟ್ಟರೆ ಹಿಡಿಯಬಹುದು ಎಂಬ ದುಷ್ಟ ಪಾಠ ಆಗಿಹೋಯಿತು. ಬಲವಾಗಿ ಹಾರುವ ಪಾರಿವಾಳವೇ ವಾಸಿ. ಮಿನೆಸೋಟದವರು ನೆನಪಿಡಿ, ಏಪ್ರಿಲ್ 16ರಿಂದ ಜುಲೈ 14ರವರೆಗೆ ಹಕ್ಕಿಗಳು ಮೊಟ್ಟೆ ಮರಿ ಮಾಡುವ ಕಾಲ, ಆಗ ಪರವಾನಗಿಯಿಲ್ಲದೆ ಹೊಲಕಾಡಿನಲ್ಲಿ ಬೇಟೆನಾಯಿಗೆ ತರಬೇತಿ ಕೊಡುವಂತಿಲ್ಲ.

ನಾರ್ತ್ ಅಮೆರಿಕನ್ ವರ್ಸಟೈಲ್ ಹಂಟಿಂಗ್ ಡಾಗ್ ಅಸೋಸಿಯೇಷನ್ ಎಂಬ ಸಂಸ್ಥೆ 1969ರಿಂದ ಇದೆ. ಎಳೆಯ ನಾಯಿಗಳಿಗೆ, 16 ತಿಂಗಳಿನವರೆಗೆ, ಅದು ಸಹಜ ಸಾಮರ್ಥ್ಯದ ಪರೀಕ್ಷೆ ನಡೆಸುತ್ತದೆ. ಅಂಕ ಕೊಡುವುದು ಏಳು ವಿಷಯಕ್ಕೆ: ಮೂಗಿನ ಬಳಕೆ, ಹುಡುಕಾಟ, ನೀರು, ಪಾಯಿಂಟ್, ಜಾಡು ಹಿಡಿಯುವುದು, ಕೆಲಸದ ಹುರುಪು, ಯಜಮಾನನೊಡನೆ ಹೊಂದಾಣಿಕೆ. ಜೊತೆಗೆ ಸದ್ದಿಗೆ ಹೆದರುತ್ತದೋ ಎಂದು ನೋಡಲು ಹುಸಿ ತೋಟೆ ಹಾರಿಸುತ್ತಾರೆ. ಎಷ್ಟು ಹಕ್ಕಿ ಬಿತ್ತು ಎಂಬ ಕಾಲಂ ಆ ಅಂಕಪಟ್ಟಿಯಲ್ಲಿಲ್ಲ. ಮರಿಯನ್ನು ಅಳೆಯಬೇಕಾದ್ದು ಹೇಗೆ ಎಂದು ತಿಳಿಯಲು ಇಂಥ ಪರೀಕ್ಷೆಯೊಂದನ್ನು ಹೋಗಿ ನೋಡಿ ಬನ್ನಿ. ನಮ್ಮವರು ಪರೀಕ್ಷೆ ಎಂದರೆ ಹೇಗೂ ಬಿಡುವುದಿಲ್ಲ.

ಈಗ ನಮ್ಮ ಗುಂಪಿನ ಚಟದ ಬಗ್ಗೆ. ಸೌತ್ ಡಕೋಟದ ಓಪನಿಂಗ್ ವೀಕೆಂಡ್ ನಮಗೆಲ್ಲ ಜಾತ್ರೆ. ಮೂರು ಎಸ್‌ಯುವಿ, ಹತ್ತು ಕೋವಿ, ಪುಳಿಯೋಗರೆ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ. ಬೆಳಿಗ್ಗೆ 10 ಗಂಟೆಗೆ ಕಾನೂನಿನ ಹೊತ್ತು ಆಗುತ್ತಲೇ ಅರ್ಧ ಜನ ಜೋಳದ ಹೊಲದ ಈ ತುದಿಯಿಂದ ಸೋಹುತ್ತ ಹೋಗುವುದು, ಉಳಿದರ್ಧ ಆ ತುದಿಯಲ್ಲಿ ತಡೆ ನಿಲ್ಲುವುದು. ನಡುವೆ ಕೇಕೆ, ಶಿಳ್ಳೆ, ಒಮ್ಮೆಲೇ ಇಪ್ಪತ್ತು ಹಕ್ಕಿ ಎದ್ದು ಎಲ್ಲ ಕಡೆಯಿಂದ ಢಂ ಢಂ. ಪಳಗಿದ ಲ್ಯಾಬ್ರಡಾರ್‌ಗೆ ಇದು ಹಬ್ಬ. ಒಂಬತ್ತು ತಿಂಗಳ ಸೆಟರ್ ಮರಿಗೆ ಇದು ಏನನ್ನು ಕಲಿಸುತ್ತದೆ? ಮೂಗು ಬೇಡ, ನಿಲ್ಲುವುದು ಬೇಡ, ಎಲ್ಲ ನಾಯಿಗಳ ಜೊತೆ ಓಡಿದರೆ ಸಾಕು, ಹಕ್ಕಿ ತಾನಾಗಿ ಆಕಾಶದಿಂದ ಬೀಳುತ್ತದೆ ಎಂದು. ಆ ಜಾತ್ರೆಗೆ ನೀವು ಹೋಗಿ. ಮರಿಯನ್ನು ಕರೆದೊಯ್ಯಬೇಡಿ.

ಮರಿಗೆ ಬೇಕಾದ್ದು ಒಂಟಿ ಬೇಟೆ. ಮರಿಯೊಂದು, ಮನುಷ್ಯರಿಬ್ಬರು. ಒಬ್ಬರು ಕೋವಿ ಹಿಡಿಯಲಿ, ಇನ್ನೊಬ್ಬರ ಕೈಯಲ್ಲಿ ಮರಿಯ ಉದ್ದ ಹಗ್ಗ ಮಾತ್ರ ಇರಲಿ. ಲೈಸೆನ್ಸ್ ಇಬ್ಬರಿಗೂ ಇರಲಿ. ಎರಡನ್ನೂ ಒಬ್ಬರೇ ಮಾಡಹೋದರೆ ಹಕ್ಕಿ ಎದ್ದ ಕೂಡಲೇ ಕಣ್ಣು ಹಕ್ಕಿಯ ಮೇಲೆ ಹೋಗುತ್ತದೆ, ಮರಿ ಏನು ಮಾಡಿತು ಎಂಬುದು ತಪ್ಪಿಹೋಗುತ್ತದೆ. ಹಳೆಯ ನಾಯಿಯ ಜೊತೆ ಬಿಟ್ಟರೆ ಬೇಗ ಕಲಿಯುತ್ತದೆ ಎಂದು ಹೇಳುವವರ ಮಾತನ್ನೂ ಪೂರ್ತಿ ನಂಬಬೇಡಿ. ಮರಿ ಕಲಿಯುವುದು ಹಳೆಯ ನಾಯಿಯ ಬಾಲ ಹಿಡಿದು ಹೋಗುವುದನ್ನು. ಸ್ವಂತ ಮೂಗಿನ ಮೇಲೆ ನಂಬಿಕೆ ಬರುವವರೆಗೆ ಅದು ಒಂಟಿಯಾಗಿಯೇ ಹುಡುಕಲಿ. ನಡಿಗೆ ಒಂದು ತಾಸು ಸಾಕು, ಮರಿಗೆ ಇನ್ನೂ ಬೇಕು ಅನಿಸುತ್ತಿರುವಾಗಲೇ ಕಾರು ಹತ್ತಿಸಿ. ಸೆಪ್ಟೆಂಬರಿನ ಬಿಸಿಲಲ್ಲಂತೂ ಇದು ಕಡ್ಡಾಯ. ನಾಲಗೆ ಅಗಲವಾಗಿ ಸೌಟಿನಂತೆ ಮುಂದೆ ಚಾಚಿ, ಹೆಜ್ಜೆ ತಡವರಿಸಿದರೆ ಬೇಟೆ ಮುಗಿಯಿತು. ನೆರಳು, ಹೊಟ್ಟೆ ತೊಡೆಗಳಿಗೆ ನೀರು, ನೇರ ಪಶುವೈದ್ಯರ ಬಳಿಗೆ.

ನಮ್ಮಲ್ಲೇ ಕೆಲವರಿಗೆ ಮಾತ್ರ ಸಂಬಂಧಿಸಿದ ಮಾತೊಂದಿದೆ, ಬಿಡುವಂತಿಲ್ಲ. ಎಚ್1ಬಿ, ಎಚ್4, ಎಫ್1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಒಂದು ವಿನಾಯಿತಿ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿ ಎಂಬ ಮಾತು ಮುಖ್ಯ. ಮಿನೆಸೋಟದ ಲೈಸೆನ್ಸ್ ವರ್ಷ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಮಾರ್ಚ್ 1ರಂದು ನವೀಕರಿಸದೆ ಕೋವಿ ಕಪಾಟಿನಲ್ಲಿ ಸುಮ್ಮನೆ ಕೂತಿದ್ದರೂ ನೀವು ಕಾನೂನಿನ ಆಚೆ ಕಡೆಗೆ ದಾಟಿರುತ್ತೀರಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಇದು ಆಟದ ಮಾತಲ್ಲ, ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ. ಜೊತೆಗೆ, 1979ರ ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ ಮಿನೆಸೋಟದಲ್ಲಿ ಕೋವಿ ಸುರಕ್ಷತೆಯ ಸರ್ಟಿಫಿಕೇಟ್ ಬೇಕು. ನಾಯಿ ತರುವ ಮುನ್ನ ಇನ್ನೊಂದು ಲೆಕ್ಕ. ಎಚ್1ಬಿ ಮೊದಲು ಮೂರು ವರ್ಷ, ಹಿಗ್ಗಿಸಿದರೆ ಆರು. ಈ ನಾಯಿಗಳು ಹನ್ನೆರಡು ಹದಿಮೂರು ವರ್ಷ ಬದುಕುತ್ತವೆ. ವಾಪಸ್ ಹೋಗಬೇಕಾಗಿ ಬಂದರೆ ಅದು ಯಾರ ಮನೆಗೆ ಎಂಬುದು ಮರಿ ತರುವ ದಿನವೇ ತೀರ್ಮಾನವಾಗಿರಲಿ.

ಹಾಗೆ ಊರಿಗೆ ಕರೆದೊಯ್ದವರು ಅಲ್ಲಿ ಅದನ್ನು ಗೌಜಲಕ್ಕಿ, ಲಾವುಗೆಗಳ ಮೇಲೆ ಬಿಟ್ಟು ಕೈಚಳಕ ತೋರಿಸಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಸರಿಯಾಗಿಯೇ ಅಪರಾಧ. ನಮ್ಮ ಬಯಲುಸೀಮೆಯ ಹುಲ್ಲುಗಾವಲು ಉಳಿದಿರುವುದೇ ಅಷ್ಟಿಷ್ಟು. ಇಲ್ಲಿ ಬೇಟೆಗೆ ಲೆಕ್ಕವಿದೆ: ಗ್ರೌಸ್ ದಿನಕ್ಕೆ 5, ವುಡ್‌ಕಾಕ್ 3, ಮಿನೆಸೋಟದ ಫೆಸೆಂಟ್ ನವೆಂಬರ್ ಮುಗಿಯುವವರೆಗೆ 2. ಕೋವಿ ಮತ್ತು ತೋಟೆಯ ಮೇಲಿನ ಫೆಡರಲ್ ತೆರಿಗೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಪಕ್ಕದ ವಿಸ್ಕಾನ್ಸಿನ್‌ನ ಆಲ್ಡೊ ಲಿಯೊಪೋಲ್ಡ್, ವನ್ಯಜೀವಿ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು, ಸ್ವತಃ ಗ್ರೌಸ್ ಬೇಟೆಗಾರ. ಗಸ್ ಎಂಬ ಅವರ ಪ್ರೀತಿಯ ನಾಯಿ ಜರ್ಮನ್ ಶಾರ್ಟ್‌ಹೇರ್. ಊರಿನಿಂದ ಬಂದ ಅಮ್ಮ ಫ್ರಿಜ್ಜಿನಲ್ಲಿ ಹಕ್ಕಿ ಕಂಡು ಮುಖ ತಿರುಗಿಸಿದಾಗ ಈ ಅಂಕಿ ಅಂಶಗಳು ಕೆಲಸಕ್ಕೆ ಬರುವುದಿಲ್ಲ, ಗೊತ್ತು. ಬೇರೆ ಫ್ರಿಜ್ ಇಡಿ.

ಕೊನೆಯ ಆಕ್ಷೇಪಕ್ಕೆ ಬರುತ್ತೇನೆ, ಯಾಕೆಂದರೆ ಅದೇ ಗಟ್ಟಿಯಾದದ್ದು. ಇರುವುದು ನಾಲ್ಕಾರು ವಾರಾಂತ್ಯ, ಲೈಸೆನ್ಸ್, ಮೋಟೆಲ್, ಪೆಟ್ರೋಲಿಗೆ ಕೈತುಂಬ ಖರ್ಚು, ಅಷ್ಟಾಗಿ ಬರಿಗೈಲಿ ಬರಬೇಕೆ? ಬರಬೇಕಾಗಬಹುದು. ನಾಯಿಗೆ ಬಾಯಲ್ಲಿ ಹಕ್ಕಿ ಬೇಕು ಎನ್ನುವುದೂ ನಿಜ. ಒಂದೂ ಹಕ್ಕಿ ಬೀಳದ ಸೀಸನ್ ಮರಿಯ ಹುರುಪನ್ನು ಕುಗ್ಗಿಸಬಹುದು. ಆದರೆ ಅದಕ್ಕೆ ಬೇಕಾದ್ದು ಬಹಳ ಹಕ್ಕಿಯಲ್ಲ, ತಾನು ನಿಲ್ಲಿಸಿದ ಕೆಲವು ಹಕ್ಕಿ. ಮಿಕ್ಕಂತೆ ಲೆಕ್ಕ ಸರಳ. ನಿಮ್ಮ ನಾಯಿ ಚೆನ್ನಾಗಿ ಬೇಟೆಯಾಡುವ ಎಂಟು ಹತ್ತು ವರ್ಷ ಮುಂದಿದೆ. ಅದರಲ್ಲಿ ಒಂದು ವರ್ಷ ಅದಕ್ಕೆ ಬಿಟ್ಟುಕೊಡಿ ಎಂದರೆ ಅದೇನು ದೊಡ್ಡ ದಾನವಲ್ಲ, ಮುಂದಿನ ವರ್ಷಗಳೆಲ್ಲ ನಿಂತಿರುವ ಪಾಯ. ಮೊದಲ ವರ್ಷ ಅವಸರ ಮಾಡಿದವರು ಮುಂದಿನ ಅಷ್ಟೂ ವರ್ಷ ಶಿಳ್ಳೆ ಊದುತ್ತ, ಹೆಸರು ಕೂಗುತ್ತ, ಕೈಯಲ್ಲಿ ಇ-ಕಾಲರ್ ರಿಮೋಟ್ ಹಿಡಿದು ನಾಯಿಯ ಹಿಂದೆ ಓಡುವುದನ್ನು ನೀವೂ ಕಂಡಿದ್ದೀರಿ.

ಈ ಸೀಸನ್ನಿಗೆ ಒಂದು ಸಣ್ಣ ನೋಟ್‌ಪುಸ್ತಕ ಇಡಿ. ದಿನ, ಜಾಗ, ಗಾಳಿ ಯಾವ ಕಡೆಯಿಂದ, ಮರಿ ಎಷ್ಟು ಹಕ್ಕಿ ಮೂಸಿತು, ಎಷ್ಟಕ್ಕೆ ನಿಂತಿತು, ಎಷ್ಟು ಹೊತ್ತು ನಿಂತಿತು. ಬಿದ್ದ ಹಕ್ಕಿಯ ಲೆಕ್ಕ ಬೇಕಿದ್ದರೆ ಕೊನೆಯ ಪುಟದಲ್ಲಿರಲಿ. ಜನವರಿಯಲ್ಲಿ ಸಂಕ್ರಾಂತಿಗೆ ಸೇರುತ್ತೇವಲ್ಲ, ಆಗ ನೋಟ್‌ಪುಸ್ತಕ ತನ್ನಿ, ಓದಿ ಮಾತಾಡೋಣ.

ಕೋವಿ ಹಿಡಿಯಲು ಎರಡನೆಯವರು ಸಿಗದೆ ಕಷ್ಟಪಡುವವರು ಹೇಳಿಕಳಿಸಿ, ಅಕ್ಟೋಬರಿನ ವಾರದ ದಿನಗಳಲ್ಲಿ ನಾನು ಬರುತ್ತೇನೆ. ಈಡು ನನಗಿರಲಿ, ನೀವು ಮರಿಯ ಮೇಲಿಂದ ಕಣ್ಣು ತೆಗೆಯಬೇಡಿ. ಅದು ನಿಲ್ಲದೆ ಎಬ್ಬಿಸಿದ ಹಕ್ಕಿಗೆ ನಾನು ಹೊಡೆಯುವುದಿಲ್ಲ, ನೀವು ಎಷ್ಟೇ ಕೂಗಿಕೊಂಡರೂ.

ಇಂತಿ ನಿಮ್ಮವ,
ಮಿನೆಸೋಟದಲ್ಲಿರುವ ಒಬ್ಬ ಮಲೆನಾಡಿಗ